ಕದಿರಿನ ವಚನವೂ ಕಂಡಿಕೆಯ ಕೂಲಿಯೂ

ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆಯ ಸ್ಥಾನವು ವಿಶಿಷ್ಟವಾದುದು. ನೂಲುವುದು ಆಕೆಯ ಕಾಯಕ. ಕಾಯಕದ ಸಾಧನವೇ ಆಕೆಯ ಹೆಸರಿನ ಮುಂದೆ ನಿಂತಿದೆ. ರಾಟೆಯ ಒಂದೊಂದು ಅಂಗದಲ್ಲಿಯೂ ಒಂದೊಂದು ದೈವವನ್ನು ಕಂಡ ಆಕೆಯ ವಚನವು ಪ್ರಸಿದ್ಧವಾಗಿದೆ. ಇದನ್ನು ಬೆಡಗಿನ ವಚನವೆಂದು ಕರೆದು, ತಾತ್ತ್ವಿಕಾರ್ಥವನ್ನು ಬಿಡಿಸಿ, ಅಷ್ಟಕ್ಕೇ ತೃಪ್ತರಾಗುವ ವಿಮರ್ಶಕರುಂಟು. ಆ ವ್ಯಾಖ್ಯಾನವು ತಪ್ಪಲ್ಲ, ಅಪೂರ್ಣ. ಹಲಗೆಯನ್ನೂ ಕದಿರನ್ನೂ ದಿನದಿನವೂ ಮುಟ್ಟಿ ಬಲ್ಲವಳಿಗಲ್ಲದೆ ಆ ರೂಪಕವು ಒದಗುತ್ತಿರಲಿಲ್ಲ. ದುಡಿಮೆಯನ್ನು ಬಿಟ್ಟು ಅನುಭಾವವನ್ನು ಮಾತ್ರ ಎತ್ತಿಕೊಂಡರೆ ವಚನದ ಅರ್ಧವು ಕೈತಪ್ಪುವುದು.

ಆಯ್ದಕ್ಕಿ ಲಕ್ಕಮ್ಮನಾದರೋ, ಪತಿಯಾದ ಮಾರಯ್ಯನು ಅಗತ್ಯಕ್ಕೆ ಮೀರಿ ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಮನೆಯ ಸಂಪಾದನೆಯ ಲೆಕ್ಕವನ್ನು ಕೇಳುವ ಅಧಿಕಾರವು ಹೆಣ್ಣಿಗೂ ಉಂಟೆಂಬುದು ಕನ್ನಡ ಸಾಹಿತ್ಯಕ್ಕೆ ಹೊಸ ಮಾತಲ್ಲ.

ಈ ವಚನಗಳ ಮರ್ಮವು ಬಿ.ಜಿ. ಕೆರೆಯ ವಾಚಕರಿಗೆ ದೂರದ್ದಾಗಲಾರದು. ಅವರ ತಾಲ್ಲೂಕಿನ ಮೊಳಕಾಲ್ಮೂರು ರೇಷ್ಮೆ ಸೀರೆಯು ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿದೆ. ಸೀರೆಯನ್ನು ಮೆಚ್ಚಿದವರು ಮಗ್ಗದಲ್ಲಿ ಕುಳಿತವನನ್ನು ಹೊಗಳುವರು. ಆದರೆ ಲಡಿಯನ್ನು ಬಿಡಿಸಿ ನೂಲನ್ನು ಸುತ್ತದೆ, ಕಂಡಿಕೆಯನ್ನು ತುಂಬದೆ, ಲಾಳಿಯು ಓಡದು. ನೇಕಾರರ ಮನೆಗಳಲ್ಲಿ ಈ ಕೆಲಸವು ಬಹುಮಟ್ಟಿಗೆ ಹೆಂಗಸರ ಪಾಲಿನದು. ಸೀರೆಯೊಂದಕ್ಕೆ ಇಷ್ಟೆಂದು ಕೂಲಿಯು ಗೊತ್ತಾಗಿ ನೇಕಾರನ ಕೈಸೇರುವಲ್ಲಿ, ಕಂಡಿಕೆ ತುಂಬಿದವಳಿಗೆ ಬೇರೆ ಲೆಕ್ಕವಿಲ್ಲ. ಅವಳ ಹೊತ್ತು ಗಂಡನ ಕೂಲಿಯೊಳಗೆ ಕರಗಿಹೋಗುವುದು.

ಇದು ಕೆಲವೇ ಮನೆಗಳ ಸಂಗತಿಯಲ್ಲ. 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ಲೆಕ್ಕಕ್ಕೆ ಬಂದ ನೇಕಾರರೂ ಪೂರಕ ಕೆಲಸಗಾರರೂ ಕೂಡಿ 35 ಲಕ್ಷಕ್ಕೆ ಮಿಕ್ಕವರು. ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಸ್ತ್ರೀಯರು. ಸಮಾನವಾದ ಕೆಲಸಕ್ಕೆ ಸಮಾನವಾದ ವೇತನವೆಂಬ ತತ್ತ್ವವನ್ನು 1976ರ ಕಾಯಿದೆಯು ವಿಧಿಸಿತು; 2019ರ ವೇತನ ಸಂಹಿತೆಯು ಅದನ್ನು ತನ್ನಲ್ಲಿ ಸೇರಿಸಿಕೊಂಡಿತು. ಆದರೆ ಎರಡು ಕೂಲಿಗಳನ್ನು ತೂಗಿ ನೋಡಬೇಕಾದರೆ ಮೊದಲು ಎರಡು ಕೂಲಿಗಳಿರಬೇಕಷ್ಟೆ. ತಕ್ಕಡಿಯ ಒಂದು ತಟ್ಟೆಯೇ ಬರಿದಾದಲ್ಲಿ ಕಾಯಿದೆಯು ಏನನ್ನು ತೂಗೀತು?

ರೆಮ್ಮವ್ವೆಯ ವಚನದಲ್ಲಿ ದೈವವನ್ನು ಕಂಡು ರಾಟೆಯನ್ನು ಮರೆತ ಓದಿಗೂ, ಸೀರೆಯನ್ನು ಕಂಡು ಕಂಡಿಕೆಯನ್ನು ಮರೆತ ಲೆಕ್ಕಕ್ಕೂ ಇರುವ ದೋಷವು ಒಂದೇ. ವಚನವನ್ನು ಗೌರವಿಸುವ ನಾಡು ಕಂಡಿಕೆಯ ಕೂಲಿಯನ್ನು ಪ್ರತ್ಯೇಕವಾಗಿ ಬರೆದು, ದುಡಿದವಳ ಕೈಗೇ ಕೊಡತಕ್ಕದ್ದು.