ಮುದ್ದೆ ಇಲ್ಲದ ಪಾಟ್‌ಲಕ್

ದೇವನಹಳ್ಳಿಯ ವಿಮಾನ ನಿಲ್ದಾಣದ ಹೊರಗೆ ಸೂಟ್‌ಕೇಸ್ ತೆರೆದು ಕೂತ ಕುಟುಂಬಗಳನ್ನು ಯಾವ ರಾತ್ರಿ ಹೋದರೂ ನೋಡಬಹುದು. ತೂಕ ಇಪ್ಪತ್ತಮೂರು ಕಿಲೋ ದಾಟಿರುತ್ತದೆ. ಮೊದಲು ಹೊರಬರುವುದು ಸ್ವೆಟರು, ಆಮೇಲೆ ಹೊಸ ಸೀರೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ರಾಗಿ ಹುರಿಹಿಟ್ಟುಗಳನ್ನು ಅಮ್ಮಂದಿರು ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಅಮೆರಿಕಕ್ಕೆ ಹೊರಟವರ ಚೀಲದಿಂದ ಕರಿಬೇವನ್ನು ಮಾತ್ರ ತೆಗೆಯಲೇಬೇಕು. ಆ ಎಲೆಗಳ ಮೇಲೆ ಕೂತು ಹೋಗಬಲ್ಲ ಸಣ್ಣ ಕೀಟವೊಂದು ಅಲ್ಲಿನ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆಂದು ಕಸ್ಟಮ್ಸ್‌ನವರು ಅದನ್ನು ಒಳಗೆ ಬಿಡುವುದಿಲ್ಲ. ದೇವನಹಳ್ಳಿಯ ಹೆಸರಿನಲ್ಲೇ ಭೌಗೋಳಿಕ ಸೂಚಿಕೆ ಪಡೆದಿರುವ ಚಕ್ಕೋತವೂ ಕಿತ್ತಳೆಯ ಕುಲದ್ದು, ಅದಕ್ಕೂ ಪ್ರವೇಶವಿಲ್ಲ. 2008ರ ಮೇ 24ರಂದು ಇಲ್ಲಿಂದ ವಿಮಾನಗಳು ಹಾರತೊಡಗಿದ ಮೇಲೆ ಈ ಊರ ಹಣ್ಣು ಊರಲ್ಲೇ ಉಳಿದಿದೆ, ಪುಡಿಯ ಡಬ್ಬಿಗಳು ಲೋಕ ಸುತ್ತುತ್ತಿವೆ.

ಆ ಡಬ್ಬಿಗಳು ಅಲ್ಲಿಗೆ ಹೋಗಿ ಏನಾಗುತ್ತವೆ? ಅಡುಗೆಮನೆಯ ಶೆಲ್ಫಿನಲ್ಲಿ ಒಂದು ಪಾಲು ಖಾಲಿಯಾಗುತ್ತದೆ. ಇನ್ನೊಂದು ಪಾಲು ಹೊರದೇಶದ ಕನ್ನಡಿಗರು ಕಟ್ಟಿಕೊಂಡಿರುವ ಒಂದು ಪದ್ಧತಿಗೆ ಸಲ್ಲುತ್ತದೆ. ಅದು ಕನ್ನಡ ಕೂಟದ ಊಟ. ಯುಗಾದಿ, ಗಣೇಶ, ರಾಜ್ಯೋತ್ಸವ ಬಂದರೆ ಶಾಲೆಯ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ಒಂದೊಂದು ಮನೆಯವರು ಒಂದೊಂದು ಅಡುಗೆ ಮಾಡಿ ತಂದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಇಂಗ್ಲಿಷಿನಲ್ಲಿ ಅದು ಪಾಟ್‌ಲಕ್. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ಅಕ್ಕ ಸಂಸ್ಥೆ 2010ರಲ್ಲಿ ನ್ಯೂಜೆರ್ಸಿಯಲ್ಲೂ 2018ರಲ್ಲಿ ಡಲ್ಲಾಸಿನಲ್ಲೂ ನಡೆಸಿದಂಥ ಸಮ್ಮೇಳನಗಳಲ್ಲಿ ಅಡುಗೆ ಗುತ್ತಿಗೆಯವರ ಕೈಗೆ ಹೋಗುತ್ತದೆ. ಸಣ್ಣ ಊರುಗಳ ಕೂಟಗಳಲ್ಲಿ ಇಂದಿಗೂ ಮನೆಯ ಪಾತ್ರೆಯೇ ಬರುತ್ತದೆ. ಈ ಪದ್ಧತಿಯ ಗುಣದೋಷಗಳನ್ನು ತೂಗಿ ನೋಡಿದವರು ಕಡಿಮೆ.

ಗುಣ ದೊಡ್ಡದು. ಹೊಸಕೋಟೆಯಲ್ಲಿ ಹುಟ್ಟಿ ಬೆಳೆದವನಿಗೆ ಧಾರವಾಡದ ಮನೆಯ ಜೋಳದ ರೊಟ್ಟಿ, ಎಣ್ಣೆಗಾಯಿ ಎಲೆಗೆ ಬೀಳುವುದು ಎಷ್ಟೋ ಸಲ ಊರು ಬಿಟ್ಟ ಮೇಲೆಯೇ. ಮಂಗಳೂರಿನ ನೀರುದೋಸೆ, ಕೊಡಗಿನ ಕಡಂಬುಟ್ಟು, ಕಲಬುರಗಿಯ ಶೇಂಗಾ ಹಿಂಡಿಗಳಿಗೂ ಇದೇ ಮಾತು. ಕರ್ನಾಟಕದೊಳಗೆ ಮದುವೆಮನೆಗಳ ಊಟ ಆಯಾ ಜಾತಿ, ಆಯಾ ಸೀಮೆಯ ಗೆರೆ ದಾಟುವುದು ಅಪರೂಪ. ಹತ್ತು ಸಾವಿರ ಕಿಲೋಮೀಟರ್ ಆಚೆ ಆ ಗೆರೆಗಳನ್ನು ಮೇಜೊಂದು ಅಳಿಸುತ್ತದೆ. ಭಾಷೆಯೊಂದನ್ನೇ ನೆಪ ಮಾಡಿಕೊಂಡು ಒಂದು ನಾಡು ಒಟ್ಟಿಗೆ ಕೂತು ಉಣ್ಣುವ ಬೇರೆ ಜಾಗಗಳನ್ನು ಹುಡುಕಿದರೆ ಬೆರಳೆಣಿಕೆಯಷ್ಟೂ ಸಿಗಲಾರವು. ಇದಕ್ಕೆ ಕನ್ನಡ ಕೂಟಗಳಿಗೆ ಮನಸಾರೆ ವಂದಿಸಬೇಕು.

ಇನ್ನು ದೋಷದ ಮಾತು. ಮೇಜಿನ ಮೇಲೆ ಕೋಸಂಬರಿ, ಪುಳಿಯೋಗರೆ, ಬಿಸಿಬೇಳೆ ಬಾತ್, ಒಬ್ಬಟ್ಟು, ಮೈಸೂರು ಪಾಕ್ ಇರುತ್ತವೆ. ಅಪರೂಪಕ್ಕೂ ಕಾಣದ್ದು ಮುದ್ದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಗಳಲ್ಲಿ ದಿನವೂ ಉಣ್ಣುವುದು ಮುದ್ದೆ. ಅದರ ಜೊತೆಗೆ ಬಸ್ಸಾರು, ಉಪ್ಸಾರು, ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಸಾರು, ನೆಂಟರು ಬಂದ ದಿನ ನಾಟಿ ಕೋಳಿ ಸಾರು. ಈ ತಾಲ್ಲೂಕುಗಳಿಂದ ಹೋದವರು ಕೂಟದ ಮೇಜಿಗೆ ಇಡುವುದು ಮಾತ್ರ ತಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಾಡುವ ಹಬ್ಬದ ಅಡುಗೆ, ಇಲ್ಲವೇ ಪೊಟ್ಟಣದಿಂದ ಬಂದ ಬಿಸಿಬೇಳೆ ಬಾತ್. ಬೆಂಗಳೂರಿನ ರುಚಿಯೆಂದೇ ಹೆಸರಾದ ಎಂ.ಟಿ.ಆರ್. ಪೊಟ್ಟಣಗಳ ಕಂಪನಿಯನ್ನು ನಾರ್ವೆಯ ಓರ್ಕ್ಲಾ 2007ರಲ್ಲಿ ಕೊಂಡುಕೊಂಡಿತು. ಆ ಪೊಟ್ಟಣ ಎಲ್ಲ ಊರಲ್ಲೂ ಸಿಗುತ್ತದೆ. ಬಸ್ಸಾರು ಯಾವ ಅಂಗಡಿಯಲ್ಲೂ ಸಿಗದು, ಸೊಪ್ಪು-ಕಾಳು ಬೇಯಿಸಿ ಕಟ್ಟು ಬಸಿಯುವುದು ಗೊತ್ತಿರುವ ಕೈಯೇ ಬೇಕು. ಹಾಗಿರುವಾಗ ಆ ಕೈಯವರೇ ಬಸ್ಸಾರನ್ನು ಮನೆಯಲ್ಲಿ ಬಿಟ್ಟು ಬಂದರೆ ನಷ್ಟ ಎಲ್ಲರಿಗೂ.

ಮುದ್ದೆಯ ಪರವಾಗಿ ವಾದಿಸುವಾಗ ಅದರ ಕಷ್ಟವನ್ನೂ ಹೇಳಬೇಕು. ಎಸರು ಕುದಿಸಿ, ಹಿಟ್ಟು ಹಾಕಿ, ಗಂಟು ಬೀಳದ ಹಾಗೆ ಕೋಲಿನಲ್ಲಿ ತೊಳಸಿ, ಕೈ ಸುಡುವಾಗಲೇ ಉಂಡೆ ಕಟ್ಟಬೇಕು. ಅರ್ಧ ಗಂಟೆ ಕಾರಿನಲ್ಲಿ ಕೂತರೆ ಅದು ಗಟ್ಟಿಯಾಗುತ್ತದೆ. ಪಾಟ್‌ಲಕ್‌ಗೆ ಬೇಕಾದದ್ದು ಆರಿದರೂ ಕೆಡದ ಅಡುಗೆ. ಈ ಕಾರಣ ನಿಜ, ಆದರೆ ಪೂರ್ತಿ ನಿಜವಲ್ಲ. ರಾಗಿ ರೊಟ್ಟಿಯೂ ಅಂಬಲಿಯೂ ಆರಿದ ಮೇಲೆ ಚೆನ್ನಾಗಿಯೇ ಇರುತ್ತವೆ, ಅವೂ ಮೇಜಿಗೆ ಬರುವುದಿಲ್ಲ. ಒಳಗಿನ ಕಾರಣ ಸಂಕೋಚ. ಮುದ್ದೆಯನ್ನು ಬಡವರ ಊಟವೆಂದು, ಹಳ್ಳಿಯವರ ಊಟವೆಂದು ಪೇಟೆಯವರು ತಲೆಮಾರುಗಟ್ಟಲೆ ಆಡಿಕೊಂಡದ್ದು ವಿಮಾನದಲ್ಲಿ ಜೊತೆಗೇ ಹೋಗಿದೆ. ಊರ ಹಬ್ಬಕ್ಕೆ ಬಾಡೂಟ ಮಾಡುವ ಮನೆಗಳ ಮಕ್ಕಳು ಕೂಟದ ಸಸ್ಯಾಹಾರದ ಪಟ್ಟಿಯೇ ಕರ್ನಾಟಕದ ಊಟವೆಂದು ಒಪ್ಪಿಕೊಂಡು ಸುಮ್ಮನಾಗಿದ್ದಾರೆ.

ಲೋಕದ ಊಟದಲ್ಲಿ ಅತಿ ಹೆಚ್ಚು ನೆಂಟರಿರುವುದು ಈ ಮುದ್ದೆಗೇ ಎಂಬುದನ್ನು ಅವರಿಗೆ ಯಾರೂ ಹೇಳಿದಂತಿಲ್ಲ.

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಇಲ್ಲಿಗೆ ಬಂತು. ಉಗಾಂಡಾದ ಪಶ್ಚಿಮ ಭಾಗದಲ್ಲಿ ರಾಗಿ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಮಾಡುವ ‘ಕಲೋ’ ಮುದ್ದೆಯಲ್ಲದೆ ಬೇರೇನೂ ಅಲ್ಲ. ಎಷ್ಟೋ ಕಡೆ ಅದಕ್ಕೆ ಮರಗೆಣಸಿನ ಹಿಟ್ಟು ಬೆರೆಸುತ್ತಾರೆ, ಬುಟ್ಟಿಯಲ್ಲಿಟ್ಟು ಎಲ್ಲರೂ ಕೈಯಲ್ಲೇ ಮುರಿದು ಸಾರಿಗೆ ಅದ್ದಿ ಉಣ್ಣುತ್ತಾರೆ. ಕೆನ್ಯಾದಲ್ಲಿ ರಾಗಿಗೆ ‘ವಿಂಬಿ’ ಎನ್ನುತ್ತಾರೆ, ಅದರ ಹಿಟ್ಟಿನಲ್ಲೂ ಉಗಾಲಿ ತಿರುವುತ್ತಾರೆ. ನೇಪಾಳದ ಬೆಟ್ಟದ ಮನೆಗಳಲ್ಲಿ ರಾಗಿಗೆ ‘ಕೋದೋ’ ಎಂದು ಹೆಸರು, ಮುದ್ದೆಗೆ ‘ಢಿಂಡೋ’. ಅಗಿಯಬಾರದು, ನುಂಗಬೇಕು ಎಂದು ಇಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಹೇಳುವ ಮಾತನ್ನೇ ಅಲ್ಲಿಯೂ ಹೇಳುತ್ತಾರೆ. ನೈಜೀರಿಯಾ, ಘಾನಾದವರ ಫುಫುವಿನಲ್ಲಿ ರಾಗಿ ಇಲ್ಲ, ಆದರೂ ಮುರಿದು, ಅದ್ದಿ, ನುಂಗುವ ಕ್ರಮ ಇದೇ.

ಇನ್ನೂ ಹತ್ತಿರದ ಸಾಕ್ಷಿ ಹೊಲದಲ್ಲೇ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಹೊಸ ತಳಿಗಳನ್ನು ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ಅವಕ್ಕೆ ಇಂಡಾಫ್ ಎಂದು ಹೆಸರಾಯಿತು. ಈ ಸೀಮೆಯ ಅಪ್ಪಂದಿರ ಕಾಲದ ಮುದ್ದೆಯಲ್ಲಿ ಆಫ್ರಿಕಾದ ಪಾಲು ಇದ್ದೇ ಇತ್ತು. ಹಾಗಾಗಿ ಹ್ಯೂಸ್ಟನ್ನಿನಲ್ಲೋ ಲಂಡನ್ನಿನಲ್ಲೋ ಇರುವ ಹೊಸಕೋಟೆಯ ಹುಡುಗಿ ಪಕ್ಕದ ಮನೆಯ ನೈಜೀರಿಯಾದ ಹೆಂಗಸಿಗೆ ಬಿಸಿಬೇಳೆ ಬಾತನ್ನು ವಿವರಿಸಿ ಹೇಳಬೇಕು, ಮುದ್ದೆಯನ್ನು ವಿವರಿಸಬೇಕಿಲ್ಲ. ತಟ್ಟೆ ಮುಂದಿಟ್ಟರೆ ಆಕೆಯ ಕೈ ತಾನಾಗಿ ಮುರಿಯುತ್ತದೆ.

ಕೂಟದ ಊಟದ ಎರಡನೆಯ ಕೊರತೆ ಇಲ್ಲಿಯೇ ಇದೆ. ಕರೆಯುವುದು ಕನ್ನಡಿಗರನ್ನು ಮಾತ್ರ. ನೆರೆಯವರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಕೊಡುವುದಿದ್ದರೆ ದೀಪಾವಳಿಗೆ ಒಂದು ಡಬ್ಬಿ ಸಿಹಿ. ಅವರ ಮನೆಗೆ ಹೋಗಿ ಅವರ ಕ್ರಮದಲ್ಲಿ ಉಣ್ಣುವುದು ತೀರಾ ಕಡಿಮೆ. ಕೊಡುವುದರಲ್ಲಿರುವ ಧಾರಾಳ ತಿನ್ನುವುದರಲ್ಲಿ ಇಲ್ಲ. ವಾಷಿಂಗ್ಟನ್ ಸುತ್ತಮುತ್ತ ಇಥಿಯೋಪಿಯಾದ ಹೋಟೆಲುಗಳು ಬೇಕಾದಷ್ಟಿವೆ. ಅಲ್ಲಿ ಒಂದೇ ಅಗಲವಾದ ತಟ್ಟೆಯ ಸುತ್ತ ಎಲ್ಲರೂ ಕೂರುತ್ತಾರೆ. ಹುಳಿ ಬರಿಸಿದ ಹಿಟ್ಟಿನಿಂದ ದೋಸೆಯ ಹಾಗೆ ಹುಯ್ದ ಇಂಜೆರಾವನ್ನು ಹರಿದು, ಪಲ್ಯ ಸುತ್ತಿ, ಎದುರಿಗಿದ್ದವರ ಬಾಯಿಗೆ ತುತ್ತಿಡುತ್ತಾರೆ. ಅದಕ್ಕೆ ‘ಗುರ್ಷಾ’ ಎನ್ನುತ್ತಾರೆ. ಬೆಳದಿಂಗಳಲ್ಲಿ ಅಜ್ಜಿಯ ಕೈತುತ್ತು ತಿಂದು ಬೆಳೆದವರಿಗೆ ಇದಕ್ಕಿಂತ ಹತ್ತಿರದ ಪದ್ಧತಿ ಎಲ್ಲಿ ಸಿಗಬೇಕು?

ಚಕ್ಕೋತದ ಕತೆಯೂ ಹಾಗೆಯೇ. ಅದರ ಮೂಲ ಆಗ್ನೇಯ ಏಷ್ಯಾ. ಸಿಂಗಪುರದಲ್ಲಿ ಚೀನೀ ಹೊಸ ವರ್ಷ ಬಂತೆಂದರೆ ಮಾರುಕಟ್ಟೆಯಲ್ಲಿ ಚಕ್ಕೋತದ ರಾಶಿ ಬೀಳುತ್ತದೆ. ಥಾಯ್ಲೆಂಡಿನವರು ಅದರ ತೊಳೆಗಳನ್ನು ಬಿಡಿಸಿ ಮೆಣಸಿನಕಾಯಿ, ಕೊಬ್ಬರಿ, ಸೀಗಡಿಯೊಂದಿಗೆ ಕಲಸುತ್ತಾರೆ. ನಮ್ಮದೆಂದು ಹೆಮ್ಮೆಪಡುವ ಹಣ್ಣು ಅವರದೂ ಹೌದೆಂದು ಅರಿತ ದೇವನಹಳ್ಳಿಯವನು ಆ ಅಂಗಡಿಯ ಮುಂದೆ ಪರಕೀಯನಾಗಿ ನಿಲ್ಲಬೇಕಾಗಿಲ್ಲ.

ಇನ್ನೊಂದು ಸಣ್ಣ ಮಾತು, ಆದರೆ ಪ್ರಾಣದ ಮಾತು. ಕೆಲವರ ಮೈಗೆ ಕಡಲೆಕಾಯಿ ಒಗ್ಗುವುದಿಲ್ಲ, ಒಂದು ಚಿಟಿಕೆ ಸಾಕು ಉಸಿರು ಕಟ್ಟಲು. ಚಟ್ನಿಪುಡಿಯಲ್ಲಿ, ಪುಳಿಯೋಗರೆಯಲ್ಲಿ, ಎಣ್ಣೆಯಲ್ಲಿ ಅದು ಕಣ್ಣಿಗೆ ಕಾಣದೆ ಅಡಗಿರುತ್ತದೆ. ಬೇರೆ ದೇಶದವರಿಗೆ ಉಣಬಡಿಸುವ ಮೇಜಿನಲ್ಲಿ ಪ್ರತಿ ಪಾತ್ರೆಯ ಪಕ್ಕ ಏನೇನು ಹಾಕಿದೆಯೆಂದು ಬರೆದಿಡದಿರುವುದು ಅತಿಥಿ ಸತ್ಕಾರದ ಲೋಪ.

ಹೊರಗೆ ಹೋದವರನ್ನು ಅಳೆದ ಕೋಲಿನಲ್ಲಿ ಊರವರನ್ನೂ ಅಳೆಯಬೇಕು. ದೇವನಹಳ್ಳಿ ಸುತ್ತಿನ ಇದೇ ತಾಲ್ಲೂಕುಗಳು ಈಗ ಸಾವಿರಾರು ಜನರಿಗೆ ಪರಊರು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಯ ಕಾರ್ಖಾನೆಗಳಲ್ಲಿ, ದೇವನಹಳ್ಳಿಯ ಕಟ್ಟಡ ಕೆಲಸಗಳಲ್ಲಿ ಒಡಿಶಾ, ಬಿಹಾರ, ಅಸ್ಸಾಂ, ನೇಪಾಳದವರಿದ್ದಾರೆ. ಒಡಿಶಾದವರ ‘ಪಖಾಳ’ ನೀರು ಹಾಕಿಟ್ಟ ಅನ್ನ, ಇಲ್ಲಿಯ ತಂಗಳನ್ನ-ಮಜ್ಜಿಗೆಯ ಒಡಹುಟ್ಟು. ಬಿಹಾರದ ಚೋಖಾ ಸುಟ್ಟ ಬದನೆಕಾಯಿ ಗೊಜ್ಜಿನಿಂದ ದೂರವಿಲ್ಲ. ಅವರು ಬಾಡಿಗೆಗಿರುವ ವಠಾರದ ಮಾಲೀಕರ ಮನೆಯಲ್ಲಿ ದಿನವೂ ಮುದ್ದೆ ತಿರುವುತ್ತಾರೆ. ಢಿಂಡೋ ತಿಂದು ಬೆಳೆದ ನೇಪಾಳದ ಕಾವಲುಗಾರನನ್ನು ಆ ಮನೆಯವರು ಒಂದು ದಿನವಾದರೂ ಊಟಕ್ಕೆ ಕರೆದದ್ದುಂಟೆ? ಬಾಡಿಗೆಗೆ ಮುನ್ನ ಮಾಂಸ ಬೇಯಿಸುತ್ತೀರಾ ಎಂದು ಕೇಳುವ ನಾಲಿಗೆ, ಊಟವಾಯಿತೇ ಎಂದು ಕೇಳುವುದನ್ನು ಮರೆಯುತ್ತಿದೆ. ಹೊರಗಿನಿಂದ ಬಂದದ್ದನ್ನು ಒಪ್ಪಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಪರ್ಷಿಯಾದ ಕಡೆಯಿಂದ ಹೆಸರು ಹೊತ್ತು ಬಂದ ಬಿರಿಯಾನಿಗಾಗಿ ಹೊಸಕೋಟೆಯಲ್ಲಿ ಭಾನುವಾರ ಬೆಳಕು ಹರಿಯುವ ಮೊದಲೇ ಜನ ಸಾಲು ನಿಲ್ಲುತ್ತಾರೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ರಾಗಿಗೆ ಹೊರಗೆ ಮರ್ಯಾದೆ ಸಿಕ್ಕಿತು, ಬಿಸ್ಕತ್ತಾಗಿ, ಕುಕ್ಕಿಯಾಗಿ. ಮುದ್ದೆಯಾಗಿ ಅದನ್ನು ಮೇಜಿಗೆ ತರುವ ಕೆಲಸ ಉಳಿದಿದೆ. ಕೂಟಗಳ ಪದಾಧಿಕಾರಿಗಳು ಮುಂದಿನ ಯುಗಾದಿಗೆ ಒಂದು ಒಲೆಯನ್ನು ಸಭಾಂಗಣದ ಅಡುಗೆಮನೆಯಲ್ಲೇ ಹಚ್ಚಲಿ. ದೊಡ್ಡಬಳ್ಳಾಪುರದ ಒಬ್ಬ ತಾಯಿಯ ಕೈಗೆ ಕೋಲು ಕೊಟ್ಟು ಮುದ್ದೆ ತಿರುವಿಸಲಿ, ಪಕ್ಕದಲ್ಲಿ ಬಸ್ಸಾರು ಇರಲಿ, ಉಗಾಂಡಾದ, ನೇಪಾಳದ ನೆರೆಯವರನ್ನು ಹೆಸರು ಹಿಡಿದು ಕರೆಯಲಿ. ಮಾರನೆಯ ವಾರ ಅವರು ಕರೆದಾಗ ತಪ್ಪದೆ ಹೋಗಲಿ.