ಗಡಿ ಜಲ ಒಪ್ಪಂದ: ನಕ್ಷೆಯ ಗೆರೆ, ನೀರಿನ ದಾರಿ

ನದಿ, ಸರೋವರಗಳ ನಡುವೆ ದೇಶಗಳ ಗಡಿ ಹಾದುಹೋಗುವುದು ನಕ್ಷೆಯಲ್ಲಿ ಮಾತ್ರ. ನೀರಿಗೆ ಆ ಗೆರೆಯ ಹಂಗಿಲ್ಲ. ಹಾಗಾದರೆ ಅಂಥ ನೀರನ್ನು ಎರಡು ದೇಶಗಳು ಹೇಗೆ ಹಂಚಿಕೊಳ್ಳಬೇಕು? ಈ ಪ್ರಶ್ನೆ ಬಂದಾಗಲೆಲ್ಲ ಮಾದರಿಯೆಂದು ತೋರಿಸುವುದು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಗಳಿಗೆ ಅನ್ವಯಿಸುವ 1909ರ ಗಡಿ ಜಲ ಒಪ್ಪಂದವನ್ನು. ಈ ಹೊಗಳಿಕೆ ಎಷ್ಟು ಸರಿ? ವಿಜ್ಞಾನದ ಕಣ್ಣಿನಿಂದ ಪರಿಶೀಲಿಸೋಣ.

ಒಪ್ಪಂದದ ಹಿರಿಮೆ

1909ರ ಜನವರಿ 11ರಂದು ಅಮೆರಿಕದ ಪರವಾಗಿ ಎಲಿಹು ರೂಟ್, ಬ್ರಿಟನ್ನಿನ ಪರವಾಗಿ ಜೇಮ್ಸ್ ಬ್ರೈಸ್ ಇದಕ್ಕೆ ಸಹಿ ಹಾಕಿದರು. ಕೆನಡದ ವಿದೇಶ ವ್ಯವಹಾರ ಆಗ ಬ್ರಿಟನ್ನಿನ ಕೈಯಲ್ಲಿತ್ತು. ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ಜಂಟಿ ಆಯೋಗದಲ್ಲಿ ಆರು ಸದಸ್ಯರು, ಪ್ರತಿ ದೇಶದಿಂದ ಮೂವರು. ದೊಡ್ಡ ದೇಶಕ್ಕೆ ಹೆಚ್ಚು ಸ್ಥಾನಗಳಿಲ್ಲ ಎಂಬುದನ್ನು ಗಮನಿಸಿ.

ಆರನೆಯ ವಿಧಿ ಇನ್ನೂ ಸ್ವಾರಸ್ಯಕರ. ಸೇಂಟ್ ಮೇರಿ ನದಿ ಮೊಂಟಾನದಲ್ಲಿ ಹುಟ್ಟಿ ಉತ್ತರಕ್ಕೆ, ಕೆನಡಕ್ಕೆ ಹರಿಯುತ್ತದೆ. ಮಿಲ್ಕ್ ನದಿಯೂ ಮೊಂಟಾನದಲ್ಲೇ ಹುಟ್ಟಿ, ಕೆನಡವನ್ನು ಹೊಕ್ಕು, ಮತ್ತೆ ಮೊಂಟಾನಕ್ಕೆ ಮರಳುತ್ತದೆ. ಇವೆರಡನ್ನೂ ಒಂದೇ ಹೊಳೆಯೆಂದು ಪರಿಗಣಿಸಿ ನೀರನ್ನು ಸಮನಾಗಿ ಹಂಚಬೇಕೆಂದು ಒಪ್ಪಂದ ಹೇಳುತ್ತದೆ. ನೀರಾವರಿಯ ಕಾಲದಲ್ಲಿ ಮಿಲ್ಕ್ ನದಿಯ 500 ಕ್ಯೂಸೆಕ್ (ಸೆಕೆಂಡಿಗೆ ಸುಮಾರು 14 ಘನ ಮೀಟರ್) ಅಥವಾ ಸಹಜ ಹರಿವಿನ ಮುಕ್ಕಾಲು ಪಾಲಿನ ಮೇಲೆ ಅಮೆರಿಕಕ್ಕೆ ಮೊದಲ ಹಕ್ಕು. ಸೇಂಟ್ ಮೇರಿಯಲ್ಲಿ ಅಷ್ಟೇ ಹಕ್ಕು ಕೆನಡಕ್ಕೆ. ಅಳತೆಯನ್ನು ಎರಡೂ ದೇಶಗಳ ಅಧಿಕಾರಿಗಳು ಜಂಟಿಯಾಗಿ ಮಾಡಬೇಕು. ಹಂಚಿಕೆಯ ಬಗ್ಗೆ ಭಿನ್ನಾಭಿಪ್ರಾಯ ಬರಬಹುದು. ಆದರೆ ಅಳತೆ ಒಂದೇ ಆಗಿದ್ದರೆ ವಾದಕ್ಕೆ ಒಂದು ನೆಲೆ ಸಿಗುತ್ತದೆ.

ವ್ಯಾಖ್ಯೆಯಲ್ಲಿನ ಕೊರತೆ

ಕೊರತೆ ಇರುವುದು ಒಪ್ಪಂದದ ಆರಂಭದಲ್ಲೇ. ಗಡಿ ಹಾದುಹೋಗುವ ಸರೋವರ, ನದಿಗಳ ದಡದಿಂದ ದಡದವರೆಗಿನ ನೀರು ಮಾತ್ರ 'ಗಡಿ ಜಲ'. ಅವನ್ನು ಸೇರುವ ಉಪನದಿಗಳು ಈ ವ್ಯಾಖ್ಯೆಯಿಂದ ಹೊರಗೆ. ಅಂತರ್ಜಲದ ಮಾತೇ ಇಲ್ಲ. ಹಡಗು ಸಂಚಾರ, ನೀರಿನ ಮಟ್ಟ, ಜಲವಿದ್ಯುತ್ತುಗಳೇ ಮುಖ್ಯವಾಗಿದ್ದ ಕಾಲಕ್ಕೆ ಇದು ಸಾಕೆನಿಸಿರಬಹುದು. ನೀರಿನಲ್ಲಿ ಕರಗಿದ ವಸ್ತುವಿನ ಲೆಕ್ಕಕ್ಕೆ ಇದು ಸಾಲದು. ಸರೋವರದೊಳಗಿನ ಪ್ರಮಾಣ ಹೆಚ್ಚುವುದೋ ತಗ್ಗುವುದೋ ಎಂಬುದನ್ನು ನಿರ್ಧರಿಸುವುದು ಒಳಬರುವ ಮತ್ತು ಹೊರಹೋಗುವ ಮೊತ್ತಗಳ ವ್ಯತ್ಯಾಸ. ಇದು ದ್ರವ್ಯ ಸಂರಕ್ಷಣೆಯ ಸರಳ ನಿಯಮ.

ಈರಿ ಸರೋವರ ಇದಕ್ಕೆ ಸಾಕ್ಷಿ. ಗಡಿಯಾಚೆಯ ಆರೋಗ್ಯಕ್ಕೆ, ಆಸ್ತಿಗೆ ಹಾನಿಯಾಗುವಂತೆ ನೀರನ್ನು ಮಲಿನಗೊಳಿಸಬಾರದೆಂದು ನಾಲ್ಕನೆಯ ವಿಧಿ ಹೇಳಿದರೂ ಸರೋವರ ಕೆಡುತ್ತಲೇ ಹೋಯಿತು. 1972ರಲ್ಲಿ ಮಹಾಸರೋವರಗಳ ಜಲ ಗುಣಮಟ್ಟಕ್ಕಾಗಿ ಬೇರೆಯೇ ಒಡಂಬಡಿಕೆ ಬೇಕಾಯಿತು. ನಗರಗಳ ಚರಂಡಿ ನೀರಿನಲ್ಲಿದ್ದ ರಂಜಕವನ್ನು ತಗ್ಗಿಸಿದಾಗ ಈರಿ ಚೇತರಿಸಿಕೊಂಡಿತು. ಆದರೆ 1990ರ ದಶಕದ ನಂತರ ಹಾನಿಕಾರಕ ನೀಲಿ-ಹಸಿರು ಪಾಚಿ ಮರಳಿತು. 2014ರ ಆಗಸ್ಟ್‌ನಲ್ಲಿ ಟೊಲೆಡೊ ನಗರದ ಲಕ್ಷಾಂತರ ಜನ ಕೆಲವು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ನೀರಿನಲ್ಲಿ ಪಾಚಿಯ ವಿಷವಾದ ಮೈಕ್ರೊಸಿಸ್ಟಿನ್ ಸೇರಿತ್ತು. ಇಂದು ರಂಜಕದ ಪ್ರಮುಖ ಮೂಲ ಹೊಲಗಳ ಗೊಬ್ಬರ. ಅದನ್ನು ಹೊತ್ತು ತರುವುದು ಮುಖ್ಯವಾಗಿ ಮೌಮಿ ನದಿ. ಅದು ಪೂರ್ತಿಯಾಗಿ ಅಮೆರಿಕದೊಳಗಿನ ಉಪನದಿ! 1909ರ ವ್ಯಾಖ್ಯೆ ಹೊರಗಿಟ್ಟದ್ದೇ ಇಂದಿನ ತೊಂದರೆಯ ಮೂಲವಾಗಿದೆ. ರಂಜಕದ ಹೊರೆಯನ್ನು 2008ರ ಮಟ್ಟಕ್ಕಿಂತ ಶೇಕಡ 40ರಷ್ಟು ತಗ್ಗಿಸುವ ಗುರಿಯನ್ನು ಎರಡೂ ದೇಶಗಳು 2016ರಲ್ಲಿ ಒಪ್ಪಿಕೊಂಡವು. ಆ ಗುರಿ ತಲುಪಬೇಕಾದರೆ ಸರೋವರವನ್ನಲ್ಲ, ಹೊಲಗಳನ್ನು ನೋಡಬೇಕು.

ಹಲ್ಲಿಲ್ಲದ ವರದಿ

ಎರಡನೆಯ ಕೊರತೆ ಅಧಿಕಾರದ್ದು. ಮಾಲಿನ್ಯದಂಥ ವಿಷಯವನ್ನು ಸರಕಾರಗಳು ಒಪ್ಪಿಸಿದರೆ ಮಾತ್ರ ಆಯೋಗ ತನಿಖೆ ನಡೆಸಬಹುದು. ಅದರ ವರದಿ ತೀರ್ಪಲ್ಲ, ಬರೀ ಸಲಹೆ. ಬ್ರಿಟಿಷ್ ಕೊಲಂಬಿಯದ ಎಲ್ಕ್ ಕಣಿವೆಯ ಕಲ್ಲಿದ್ದಲ ಗಣಿಗಳಿಂದ ಸೆಲೆನಿಯಮ್ ಹರಿದು ಗಡಿಯಾಚೆಯ ಮೊಂಟಾನ ತಲುಪುತ್ತಿತ್ತು. ಮೀನುಗಳ ಸಂತಾನಕ್ಕೆ ಕುತ್ತು ತರುವ ಧಾತು ಇದು. ವಿಷಯ ಆಯೋಗದ ಮುಂದೆ ಬಂದದ್ದು ಹಲವು ವರ್ಷಗಳ ಒತ್ತಾಯದ ನಂತರ, 2024ರ ಮಾರ್ಚ್‌ನಲ್ಲಿ. ಸರಕಾರಗಳು ಒಪ್ಪಿಗೆಗೆ ಬರುವವರೆಗೆ ಸೆಲೆನಿಯಮ್ ಕಾದು ಕೂರಲಿಲ್ಲ.

ಹಾಗೆಂದು ಒಪ್ಪಂದವನ್ನು ವಿಫಲ ಎನ್ನಬೇಡಿ. ಶತಮಾನ ಮೀರಿ ಅದು ಉಳಿದಿದೆ. ಎರಡೂ ಕಡೆಯ ವಿಜ್ಞಾನಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದೆ. ಅದರ ಬಲ ಜಂಟಿ ಅಳತೆಯಲ್ಲಿದೆ, ದೌರ್ಬಲ್ಯ ಏನನ್ನು ಅಳೆಯಬೇಕೆಂಬ ಆಯ್ಕೆಯಲ್ಲಿದೆ. ನಿಮ್ಮ ವಿದ್ಯಾರ್ಥಿಗಳಿಗೆ ಈರಿಯ ರಾಜಕೀಯ ನಕ್ಷೆಯನ್ನೂ ಜಲಾನಯನ ಪ್ರದೇಶದ ನಕ್ಷೆಯನ್ನೂ ಒಂದರ ಮೇಲೊಂದಿಟ್ಟು ತೋರಿಸಿ. ಮುಂದೆ ಯಾವುದೇ ಜಲ ಒಪ್ಪಂದದ ಸುದ್ದಿ ಓದಿದಾಗ ಅವರು ಕೇಳಬೇಕಾದ ಮೊದಲ ಪ್ರಶ್ನೆ, ಯಾರಿಗೆ ಎಷ್ಟು ನೀರು ಎಂಬುದಲ್ಲ. 'ನೀರು' ಎಂದು ಒಪ್ಪಂದ ಕರೆದದ್ದು ಯಾವುದನ್ನು ಎಂಬುದು.