ಚಂಡಮಾರುತದ ಬಲವೃದ್ಧಿಯೂ ಗಣಕಯಂತ್ರದ ಮುನ್ಸೂಚನೆಯೂ

ಚಂಡಮಾರುತಗಳ ಮುನ್ಸೂಚನೆಯನ್ನು ವಿಮರ್ಶಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು: ಗಾಳಿ ಎಲ್ಲಿಗೆ ಹೋಗುವುದು? ಅದು ಎಷ್ಟು ಬಲಿಯುವುದು? ಮೊದಲನೆಯದಕ್ಕೆ ಗಣಕಯಂತ್ರದ ಮಾದರಿಗಳು ಕಳೆದ ಕೆಲವು ದಶಕಗಳಲ್ಲಿ ಕೊಟ್ಟಿರುವ ಉತ್ತರ ಮೆಚ್ಚತಕ್ಕದ್ದು. ಎರಡನೆಯದರಲ್ಲಿ ಅವುಗಳ ಪ್ರಗತಿ ಬಹುಕಾಲ ಮಂದವಾಗಿದ್ದಿತು. 24 ಗಂಟೆಗಳಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 55 ಕಿಲೋಮೀಟರಿನಷ್ಟಾದರೂ ಹೆಚ್ಚಿದರೆ ಅದನ್ನು ಶೀಘ್ರ ಬಲವೃದ್ಧಿಯೆನ್ನುತ್ತಾರೆ. ಮಾದರಿಗಳ ನಿಜವಾದ ಪರೀಕ್ಷೆ ಇಲ್ಲಿಯೇ.

2023ರ ಅಕ್ಟೋಬರ್ 25ರಂದು ಮೆಕ್ಸಿಕೋ ದೇಶದ ಅಕಪುಲ್ಕೋ ನಗರದ ಬಳಿ ತೀರವನ್ನು ಅಪ್ಪಳಿಸಿದ ‘ಓಟಿಸ್’ ಈ ಪರೀಕ್ಷೆಯಲ್ಲಿ ಅವು ಸೋತುದಕ್ಕೆ ನಿದರ್ಶನ. ಒಂದು ದಿನ ಮೊದಲು ಪ್ರಮುಖ ಮಾದರಿಗಳು ಅದು ಹೆಚ್ಚು ಬಲಿಯಲಾರದೆಂದೇ ತೋರಿಸಿದ್ದವು. 24ರ ಅಪರಾಹ್ನ ವೀಕ್ಷಣಾ ವಿಮಾನವೊಂದು ಅದರೊಳಗೆ ಹಾದುಹೋದಾಗ ಮಾತ್ರ ನಿಜಸ್ಥಿತಿ ತಿಳಿದುಬಂದಿತು. ಮಧ್ಯರಾತ್ರಿಯ ವೇಳೆಗೆ ಐದನೆಯ ವರ್ಗದ ಗಾಳಿ ನಗರದ ಮೇಲಿತ್ತು. ಸುಮಾರು 50 ಮಂದಿ ಸತ್ತರು.

ಇದಕ್ಕೆ ಕಾರಣವೇನು? ಮಾದರಿಯು ಆರಂಭದ ಸ್ಥಿತಿಯಿಂದ ಲೆಕ್ಕ ಹಾಕುತ್ತದೆ. ಓಟಿಸ್ ಗಾತ್ರದಲ್ಲಿ ಚಿಕ್ಕದು. ಅದರ ಗರ್ಭದ ರಚನೆಯನ್ನು ಅಳೆದ ವೀಕ್ಷಣೆಗಳು ವಿರಳ. ಆರಂಭವೇ ಅಸ್ಪಷ್ಟವಾದಲ್ಲಿ ಲೆಕ್ಕ ಎಷ್ಟು ಸೂಕ್ಷ್ಮವಾದರೂ ಫಲ ಸಂದೇಹಾಸ್ಪದವೇ.

ಇದೊಂದು ಅಪವಾದ, ಸರಾಸರಿ ದೋಷವು ಕಡಿಮೆಯಾಗುತ್ತಿದೆಯೆಂದು ಸಮರ್ಥಕರು ಹೇಳಬಹುದು. ಅದು ಸತ್ಯವೇ. 2024ರ ಅಕ್ಟೋಬರಿನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎದ್ದ ‘ಮಿಲ್ಟನ್’ ಶೀಘ್ರವಾಗಿ ಬಲಿಯುವುದೆಂದು ಮುನ್ಸೂಚಕರು ಮೊದಲೇ ಸಾರಿದ್ದರು. ಅದರ ಪರಮಾವಧಿಯು ಅಂದಾಜನ್ನು ಮೀರಿದರೂ ಫ್ಲಾರಿಡದ ಜನರಿಗೆ ಸ್ಥಳಾಂತರಕ್ಕೆ ದಿನಗಳ ಅವಕಾಶ ದೊರೆಯಿತು. ಆದರೆ ಆ ಕೊಲ್ಲಿಯಲ್ಲಿ ವೀಕ್ಷಣಾ ವಿಮಾನಗಳ ಹಾರಾಟ ಮೇಲಿಂದ ಮೇಲೆ ನಡೆಯುತ್ತಿದ್ದಿತೆಂಬುದನ್ನು ಮರೆಯಲಾಗದು. ಎರಡು ಗಾಳಿಗಳ ಪರಿಸರವೂ ಭಿನ್ನವಾಗಿದ್ದುದರಿಂದ ಫಲದ ಅಂತರವನ್ನೆಲ್ಲ ವೀಕ್ಷಣೆಗೇ ಆರೋಪಿಸಲು ಬರುವುದಿಲ್ಲ; ಯಂತ್ರದ ಬಲಾಬಲಕ್ಕೇ ಆರೋಪಿಸುವುದೂ ಅಷ್ಟೇ ಅನುಚಿತ.

ಅಮೆರಿಕದ ರಾಷ್ಟ್ರೀಯ ಚಂಡಮಾರುತ ಕೇಂದ್ರವು ತನ್ನ ಮುನ್ಸೂಚನೆಗಳ ದೋಷಗಳನ್ನು ವರ್ಷವರ್ಷವೂ ಲೆಕ್ಕಹಾಕಿ ಪ್ರಕಟಿಸುತ್ತದೆ. ಇತಿಹಾಸದ ಅಭ್ಯಾಸಿಗಳಾದ ನಾವು ಈ ಪ್ರಾಮಾಣಿಕತೆಯನ್ನು ಗೌರವಿಸುತ್ತೇವೆ. ತಮ್ಮ ಸೋಲನ್ನು ತಾವೇ ಬರೆದಿಟ್ಟ ಅಧಿಕಾರಸ್ಥರು ಅಪರೂಪ. ಆದರೂ ಸರಾಸರಿಯೊಂದೇ ಅಳತೆಗೋಲಾಗಲಾರದು. ನೂರು ಸಾಮಾನ್ಯ ಗಾಳಿಗಳಲ್ಲಿ ಗಳಿಸಿದ ನಿಖರತೆ ಒಂದು ಓಟಿಸಿನ ತಪ್ಪನ್ನು ಅಂಕಿಗಳಲ್ಲಿ ಮುಚ್ಚಬಲ್ಲುದು, ಅಕಪುಲ್ಕೋದಲ್ಲಿ ಮುಚ್ಚಲಾರದು. ಎಚ್ಚರಿಕೆಯ ಅಗತ್ಯ ಅಸಾಮಾನ್ಯ ದಿನಕ್ಕೇ ಹೆಚ್ಚು. ಮಾದರಿಯ ಬೆಲೆಯನ್ನು ಕಟ್ಟಬೇಕಾದುದೂ ಆ ದಿನದಿಂದಲೇ.